ಕಾಚರೇಖಾವಿಚಾರ: ಕಿಟಕಿ ಗಾಜಿನ ಗೀರು ತೆಗೆಯಬಹುದೇ?

ಕಿಟಕಿ ಗಾಜಿನ ಗೀರನ್ನು ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಬೀದಿಗೆ ಹತ್ತು ಉತ್ತರಗಳಿವೆ. ಗೀರು ತೆಗೆಯಬಹುದಾದ ವಸ್ತುವೇ ಎಂಬ ಅದಕ್ಕೂ ಮೊದಲಿನ ಪ್ರಶ್ನೆಗೆ ಮಾತ್ರ ದಿಕ್ಕಿಲ್ಲ. ದೂಳನ್ನು ತೆಗೆಯಬಹುದು, ಏಕೆಂದರೆ ಅದು ಇದೆ. ಸುಣ್ಣದ ಹನಿ, ನೊಣದ ಹಿಕ್ಕೆ, ಹಳೆಯ ಸ್ಟಿಕ್ಕರಿನ ಅಂಟು ಇವನ್ನೂ ತೆಗೆಯಬಹುದು, ಅವೂ ಇವೆ. ಗೀರು ಹಾಗಲ್ಲ. ಗಾಜು ಇರಬೇಕಾದ ಕಡೆ ಗಾಜು ಇಲ್ಲದಿರುವುದೇ ಗೀರು. ಇಲ್ಲದ್ದನ್ನು ಬಟ್ಟೆಯಿಂದ ಉಜ್ಜಿ ಇಲ್ಲವಾಗಿಸಲು ಹೊರಟಿರುವ ಲೋಕದ ಭ್ರಮೆಯನ್ನು ಕಳೆಯುವುದು ಈ ಪ್ರಬಂಧದ ಪ್ರಯೋಜನ. ಮನೆಯೊಡೆಯರೂ ಬಾಡಿಗೆದಾರರೂ ಇದಕ್ಕೆ ಅಧಿಕಾರಿಗಳು. ಕಿಟಕಿಗೆ ಇನ್ನೂ ಗಾಜು ಹಾಕಿಸದವರು ಪುಣ್ಯವಂತರು, ಅವರು ಓದಬೇಕಾಗಿಲ್ಲ.

ಇಲ್ಲದಿರುವಿಕೆಯೂ ಒಂದು ಪದಾರ್ಥವೇ, ಏಳನೆಯದು, ಎಂದು ನಮ್ಮ ನ್ಯಾಯ-ವೈಶೇಷಿಕರು ಒಪ್ಪಿ ಅದಕ್ಕೆ ಅಭಾವ ಎಂದರು. ಪ್ರಾಭಾಕರ ಮೀಮಾಂಸಕರು ಇದನ್ನು ಒಪ್ಪುವುದಿಲ್ಲ: ನೆಲದ ಮೇಲೆ ಮಡಕೆಯಿಲ್ಲ ಎಂದರೆ ಬರಿಯ ನೆಲವಿದೆ ಎಂದಷ್ಟೇ, ಅಭಾವವೆಂಬ ಬೇರೊಂದು ಪದಾರ್ಥವೇಕೆ ಎಂಬುದು ಅವರ ಆಕ್ಷೇಪ. ಈ ಆಕ್ಷೇಪ ಬಾಡಿಗೆ ಮನೆಯಲ್ಲಿ ನಿಲ್ಲುವುದಿಲ್ಲ. ಮನೆ ಖಾಲಿ ಮಾಡುವ ದಿನ ಮಾಲೀಕರು ಗೀರಿಗೆಂದು ಅಡ್ವಾನ್ಸಿನಲ್ಲಿ ಹಣ ಮುರಿದುಕೊಳ್ಳುತ್ತಾರೆ; ಪದಾರ್ಥವೇ ಅಲ್ಲದ್ದಕ್ಕೆ ಹಣ ಮುರಿಯುವುದು ಹೇಗೆ? ಆದ್ದರಿಂದ ಅಭಾವ ಸಿದ್ಧ. ಅದರಲ್ಲಿ ನಾಲ್ಕು ಬಗೆ: ಹುಟ್ಟುವ ಮುಂಚಿನದು ಪ್ರಾಗಭಾವ, ನಾಶವಾದ ಮೇಲಿನದು ಪ್ರಧ್ವಂಸಾಭಾವ, ಎಂದೆಂದೂ ಇಲ್ಲದಿರುವುದು ಅತ್ಯಂತಾಭಾವ, ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. ಇವುಗಳಲ್ಲಿ ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಅಂತ್ಯವಿದ್ದಿದ್ದರೆ ಒಡೆದ ಮಡಕೆ ಒಂದು ದಿನ ತಾನೇ ಎದ್ದು ಕೂರಬೇಕಾಗಿತ್ತು. ಗೀರೆಂಬುದು ಗಾಜಿನ ಪ್ರಧ್ವಂಸಾಭಾವ. ಆದ್ದರಿಂದ ಗೀರಿಗೆ ಅಂತ್ಯವಿಲ್ಲ. ಇದು ಸಿದ್ಧಾಂತ. ಇನ್ನು ಪೂರ್ವಪಕ್ಷಗಳ ಖಂಡನ.

ಮೊದಲನೆಯವರು ಟೂತ್‌ಪೇಸ್ಟ್ ಪಂಥದವರು. ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತದೆ ಎಂಬುದಕ್ಕೆ ಇವರ ಬಳಿ ಇರುವುದು ಶಬ್ದಪ್ರಮಾಣ ಒಂದೇ, ಅದೂ ಪಕ್ಕದ ಮನೆಯವರ ಶಬ್ದ. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗಿನ ಶ್ರೇಣಿ ಕಟ್ಟಿಕೊಟ್ಟ. ಅದರಲ್ಲಿ ಕಿಟಕಿ ಗಾಜಿನ ಸ್ಥಾನ ಸುಮಾರು 5.5, ಅನೇಕ ಪೇಸ್ಟುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನದು ಸುಮಾರು 3. ಮೂರು ಐದೂವರೆಯನ್ನು ಸವೆಸಲಾರದು. ಹಾಗಾದರೆ ಕಣ್ಣೆದುರೇ ಗೀರು ಮಾಯವಾದ ಪ್ರತ್ಯಕ್ಷಕ್ಕೆ ಏನು ಗತಿ ಎಂದರೆ, ಹೋದದ್ದು ಗೀರಲ್ಲ. ಅಲ್ಯೂಮಿನಿಯಂನಂಥ ಮೆದು ಲೋಹ ಗಾಜಿಗೆ ತಗುಲಿದಾಗ ತನ್ನದೇ ಒಂದು ಗೆರೆಯನ್ನು ಗಾಜಿನ ಮೇಲೆ ಬಿಟ್ಟುಹೋಗುತ್ತದೆ. ಅದು ಭಾವಪದಾರ್ಥ; ಪೇಸ್ಟಿಗೂ ಬಗ್ಗುತ್ತದೆ. ಎರಡನ್ನೂ ಬೇರ್ಪಡಿಸಲು ಉಗುರು ಸಾಕು. ಅಡ್ಡಲಾಗಿ ಎಳೆದಾಗ ಉಗುರು ತಡೆದರೆ ಅದು ಆಳವಾದ ಗೀರು, ಪಂಥದವರು ಮೌನ ವಹಿಸತಕ್ಕದ್ದು.

ಎರಡನೆಯವರು ಮಾಯಾವಾದಿಗಳು. ಗೀರಿಗೆ ಕೊಬ್ಬರಿ ಎಣ್ಣೆ ಸವರಿ, ಈಗ ತೋರಿಸಿ ನೋಡೋಣ ಎಂದು ಸವಾಲು ಹಾಕುತ್ತಾರೆ. ನಿಜ, ಕಾಣುವುದಿಲ್ಲ. ಗಾಜಿನ ವಕ್ರೀಭವನಾಂಕ ಸುಮಾರು 1.5, ಗೀರಿನೊಳಗಿನ ಗಾಳಿಯದು 1. ಈ ಅಂತರದಿಂದಲೇ ಬೆಳಕು ಅಲ್ಲಿ ಚದುರಿ ಗೀರು ಹೊಳೆಯುತ್ತದೆ. ಎಣ್ಣೆಯದು ಸುಮಾರು 1.45 ಆದ್ದರಿಂದ ಅದು ತುಂಬಿದೊಡನೆ ಬೆಳಕಿಗೆ ಹಳ್ಳ ತಿಳಿಯುವುದಿಲ್ಲ. ಆದರೆ ಕಾಣದಿರುವುದು ಇಲ್ಲದಿರುವುದಕ್ಕೆ ಹೇತುವಾಗದು. ಹೇತುವಾಗುವುದಾದರೆ ಸಾಲಗಾರರೆಲ್ಲ ತಲೆಮರೆಸಿಕೊಂಡ ಕ್ಷಣವೇ ಸಾಲಮುಕ್ತರಾಗಬೇಕಾಗುತ್ತದೆ. ಎಣ್ಣೆಯ ಬದಲು ಗಟ್ಟಿಯಾಗುವ ರಾಳ ತುಂಬುವವರು ಹೆಚ್ಚು ದಿನ ಬಾಳುವ ಮಾಯಾವಾದಿಗಳು, ಅಷ್ಟೇ. ರಾಳ ಗಾಜಲ್ಲ ಎಂಬ ಅನ್ಯೋನ್ಯಾಭಾವ ಹಾಗೆಯೇ ಉಳಿಯಿತು.

ಮೂರನೆಯ ಪಕ್ಷ ಪ್ರಬಲವಾದದ್ದು. ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ, ಫೆಲ್ಟ್ ಬಿಲ್ಲೆಯಿಂದ ಉಜ್ಜಿದರೆ ನಿಜವಾದ ಗೀರೂ ಹೋಗುತ್ತದೆ. ಈ ಪುಡಿ ಬರಿದೇ ಸವೆಸುವುದಿಲ್ಲ. ನೀರಿನ ಸಹಾಯದಿಂದ ಗಾಜಿನ ಮೇಲ್ಮೈಯೊಡನೆ ರಾಸಾಯನಿಕವಾಗಿಯೂ ವರ್ತಿಸಿ ಅದನ್ನು ಪದರಪದರವಾಗಿ ಬಿಡಿಸುತ್ತದೆ. ಸೀರಿಯಂ ದೊರೆಯುವ ಮೂಲಗಳಲ್ಲೊಂದು ಕೇರಳದ ಚವರ ತೀರದಲ್ಲಿರುವಂಥ ಮರಳಿನ ಮೊನಜೈಟ್ ಖನಿಜ. ಗಾಜು ಹುಟ್ಟಿದ್ದು ಮರಳಿನಿಂದ, ಗೀರಿದ್ದು ಮರಳು, ಮದ್ದೂ ಮರಳಿನಿಂದಲೇ ಎಂದು ಈ ಪಕ್ಷದವರು ಹಿಗ್ಗುವುದು ಸಹಜ. ಆದರೆ ಇವರು ತೆಗೆದದ್ದೇನು? ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಗಾಜನ್ನು ತೆಗೆದರು. ಅಂದರೆ ಅಭಾವವನ್ನು ಕಳೆಯಲಿಲ್ಲ, ಅಗಲಿಸಿದರು. ಆಳದ ಗೀರಾದರೆ ಅಲ್ಲೊಂದು ತಗ್ಗು ಬಿದ್ದು, ಗಾಜು ಮಸೂರದಂತಾಗಿ, ಆಚೆಯ ತೆಂಗಿನಮರ ಸೊಟ್ಟಗೆ ಕಾಣುತ್ತದೆ. ಹಿಂದೆ ಕಾರ್ಖಾನೆಗಳಲ್ಲೂ ಗಾಜನ್ನು ಉಜ್ಜಿಯೇ ನಯ ಮಾಡುತ್ತಿರಲಿಲ್ಲವೇ ಎಂದರೆ, ಮಾಡುತ್ತಿದ್ದರು. ಇಡೀ ಹಾಳೆಯನ್ನು ಸಮನಾಗಿ ಸವೆಸುತ್ತಿದ್ದರು. ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ಪಿಲ್ಕಿಂಗ್ಟನ್ ವಿಧಾನ 1959ರಲ್ಲಿ ಪ್ರಕಟವಾದ ಮೇಲೆ ಆ ಶ್ರಮವೂ ತಪ್ಪಿತು. ಹಾಗೆಯೇ ಮನೆಯಲ್ಲೂ ಇಡೀ ಗಾಜನ್ನು ಸವೆಸೋಣ ಎಂದು ಹಟ ಹಿಡಿದರೆ, ಪ್ರತಿ ಗೀರಿಗೂ ಗಾಜು ತೆಳುವಾಗುತ್ತ ಕೊನೆಗೆ ಚೌಕಟ್ಟು ಮಾತ್ರ ಉಳಿಯುತ್ತದೆ. ಗೀರಿಲ್ಲದ ಕಿಟಕಿ ಆಗ ಸಿದ್ಧಿಸುತ್ತದೆ, ಸೊಳ್ಳೆಗಳ ಸಮೇತ.

ತೆಗೆಯಲಾಗದ್ದರ ಬಗ್ಗೆ ಇಷ್ಟು ಶಾಸ್ತ್ರವೇಕೆ, ಇದು ನಿಷ್ಫಲವಲ್ಲವೇ ಎಂಬುದು ಕೊನೆಯ ಆಕ್ಷೇಪ. ಅಲ್ಲ. ಪ್ರಧ್ವಂಸಾಭಾವಕ್ಕೆ ಅಂತ್ಯವಿಲ್ಲದಿದ್ದರೂ ಗೀರಿನ ಪ್ರಾಗಭಾವ, ಅಂದರೆ ಗೀರು ಇನ್ನೂ ಬೀಳದ ಸ್ಥಿತಿ, ನಮ್ಮ ಕೈಯಲ್ಲಿದೆ. ಅದನ್ನು ಕೊನೆಗಾಣಿಸುವುದು ಹೆಚ್ಚಾಗಿ ಹಬ್ಬದ ಹಿಂದಿನ ದಿನದ ಒಣ ಬಟ್ಟೆ. ದೂಳಿನಲ್ಲಿರುವ ಸ್ಫಟಿಕದ ಕಣದ ಗಡಸುತನ 7. ಒಣಗಾಜನ್ನು ಒತ್ತಿ ಒರೆಸುವವರು ಏಳರಿಂದ ಐದೂವರೆಯನ್ನು ಉಜ್ಜುತ್ತಿದ್ದಾರೆ. ಪೇಂಟಿನ ಹನಿ ಕೆರೆಯುವ ಬ್ಲೇಡಿನಡಿ ಸಿಕ್ಕಿದ ಮರಳಿನ ಕಣವೂ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ವಿಧಿ ಇಷ್ಟೇ: ಮೊದಲು ಧಾರಾಳವಾಗಿ ನೀರು ಸುರಿದು ದೂಳನ್ನು ಇಳಿಸಬೇಕು, ಆಮೇಲೆ ಒರೆಸಬೇಕು. ಈಗಾಗಲೇ ಗೀರು ಬಿದ್ದಿರುವವರಿಗೆ ಶಾಸ್ತ್ರದಲ್ಲಿ ಯಾವ ವಿಧಿಯೂ ಇಲ್ಲ. ಪರದೆ ಹಾಕಿಕೊಳ್ಳುವುದಕ್ಕೆ ನಿಷೇಧವೂ ಇಲ್ಲ.