ತೊಂಬತ್ತು ಪರ್ಸೆಂಟ್ ಆಗಿದೆ ಅಣ್ಣ

ತುಮಕೂರು–ಹೊನ್ನಾವರ ಹೆದ್ದಾರಿಯಲ್ಲಿ ಕಂಡಕ್ಟರುಗಳು ಕೆ.ಬಿ. ಕ್ರಾಸ್ ಎಂದು ಕೂಗುವ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದರೆ ಒಂದು ರಸ್ತೆ ಚಿಕ್ಕನಾಯಕನಹಳ್ಳಿಗೆ, ಇನ್ನೊಂದು ತುರುವೇಕೆರೆಗೆ, ನೆಟ್ಟಗೆ ಹೋದರೆ ತಿಪಟೂರು. ಎತ್ತ ತಿರುಗಿದರೂ ತೆಂಗಿನ ತೋಟ, ಎಲ್ಲಿ ನಿಂತರೂ ಕೊಬ್ಬರಿ ರೇಟಿನ ಮಾತು. ಕಾಯಿ ಕೀಳುವವರು, ಸುಲಿಯುವವರು, ದಲಾಲರು, ವರ್ತಕರು ಎಂಬ ಹಳೆಯ ಕಸುಬುದಾರರ ನಡುವೆ ಈಚೆಗೆ ಹೊಸಬನೊಬ್ಬ ಬಂದು ಕೂತಿದ್ದಾನೆ. ಜೆರಾಕ್ಸ್ ಅಂಗಡಿಯ ಮಹಡಿಯಲ್ಲೋ, ಅಪ್ಪನ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲೋ ಲ್ಯಾಪ್‌ಟಾಪ್ ಬಿಚ್ಚಿಕೊಂಡಿರುವ ಇವನಿಗೆ ಕಂಪನಿಯಿಲ್ಲ, ಮೇಲಧಿಕಾರಿಯಿಲ್ಲ, ಭಾನುವಾರವೂ ಇಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಫ್ರೀಲಾನ್ಸ್ ವೆಬ್ ಡಿಸೈನರ್. ಊರಿನವರ ಬಾಯಲ್ಲಿ, ಮದುವೆಯಾಗಿ ಎರಡು ಮಕ್ಕಳಾದ ಮೇಲೂ, ವೆಬ್‌ಸೈಟ್ ಹುಡುಗ. ಅವನ ಮೇಲೆ ದೂರು ಒಂದೇ: ಹಿಡಿದ ಕೆಲಸ ಮುಗಿಸುವುದಿಲ್ಲ. "ಎಲ್ಲಿಗ್ ಬಂತಪ್ಪ ನಮ್ದು?" ಎಂದು ಯುಗಾದಿಗೆ ಕೇಳಿದರೆ "ತೊಂಬತ್ತು ಪರ್ಸೆಂಟ್ ಆಗಿದೆ ಅಣ್ಣ" ಎನ್ನುತ್ತಾನೆ. ಗೌರಿಹಬ್ಬಕ್ಕೆ ಕೇಳಿದರೂ ತೊಂಬತ್ತು, ದೀಪಾವಳಿಗೂ ತೊಂಬತ್ತು. ಪೆಟ್ರೋಲಿನಿಂದ ಹಿಡಿದು ಮಜ್ಜಿಗೆಯವರೆಗೆ ಎಲ್ಲದರ ಬೆಲೆ ಅಲುಗಾಡುವ ಈ ಕಾಲದಲ್ಲಿ ಇಷ್ಟು ಸ್ಥಿರವಾದ ಅಂಕಿ ಇನ್ನೊಂದಿಲ್ಲ. ಆದರೂ ನನ್ನ ವಾದ ಇಷ್ಟೇ: ಅವನು ಸುಳ್ಳು ಹೇಳುತ್ತಿಲ್ಲ. ಆ ತೊಂಬತ್ತು ನಿಜ, ಉಳಿದ ಹತ್ತು ಅವನ ಕೈಯಲ್ಲಿಲ್ಲ. ಅಡ್ವಾನ್ಸ್ ಕೊಟ್ಟು ಕಾದವರ ಪೈಕಿ ನಾನೂ ಒಬ್ಬನಾದ್ದರಿಂದ ಈ ವಾದ ಮಂಡಿಸುವುದು ನನಗೇನೂ ಹಿತವಾಗಿಲ್ಲ.

ಮೊದಲು ತೊಂಬತ್ತರ ಲೆಕ್ಕ ನೋಡೋಣ. ಕೊಬ್ಬರಿ ವರ್ತಕರೊಬ್ಬರಿಗೆ ವೆಬ್‌ಸೈಟ್ ಬೇಕು ಅಂದುಕೊಳ್ಳಿ. ಹುಡುಗ ಮೊದಲು ಹೆಸರು ಹುಡುಕುತ್ತಾನೆ. ಡಾಟ್ ಕಾಮ್ ಸಿಗದಿದ್ದರೆ ಡಾಟ್ ಇನ್. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಕೂಡ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಹೆಸರಿಗೂ ಕಡತಗಳನ್ನು ಇಡುವ ಹೋಸ್ಟಿಂಗಿಗೂ ವರ್ಷದ ಬಾಡಿಗೆ ಕಟ್ಟುತ್ತಾನೆ. 2003ರಿಂದ ಪುಕ್ಕಟೆಯಾಗಿ ಸಿಗುತ್ತಿರುವ ವರ್ಡ್‌ಪ್ರೆಸ್ ಹಾಕಿ, ಮೇಲೊಂದು ಸಿದ್ಧ ಥೀಮ್ ಹೊದಿಸಿ, ಮೊಬೈಲಿನಲ್ಲಿ ಸರಿಯಾಗಿ ಕೂರುತ್ತದೋ ನೋಡಿ, ವಾಟ್ಸ್ಯಾಪ್ ಗುಂಡಿ ಅಂಟಿಸಿ, ಗೂಗಲ್ ನಕ್ಷೆಯಲ್ಲಿ ಮಂಡಿಯ ಜಾಗ ತೋರಿಸುತ್ತಾನೆ. ಕರೆಂಟು ನೆಟ್ಟಗಿದ್ದರೆ ಇದಕ್ಕೆಲ್ಲ ವಾರ ಸಾಕು. ಪುಟಗಳ ಹೆಸರುಗಳೂ ಮೇಲ್ಗಡೆ ಸಾಲಾಗಿ ಬಂದುಬಿಡುತ್ತವೆ: ಮುಖಪುಟ, ನಮ್ಮ ಬಗ್ಗೆ, ನಮ್ಮ ಉತ್ಪನ್ನ, ಸಂಪರ್ಕಿಸಿ. ಅಷ್ಟಾದ ಮೇಲೆ ಅವನು ಡೆಮೊ ಲಿಂಕ್ ಕಳಿಸಿ, ವಿನಯದಿಂದ ಒಂದು ಮಾತು ಕೇಳುತ್ತಾನೆ: "ಅಣ್ಣ, ನಿಮ್ಮ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿಬಿಡಿ, ಇವತ್ತೇ ಲೈವ್ ಮಾಡ್ತೀನಿ."

ಗಾಡಿ ನಿಲ್ಲುವುದು ಇಲ್ಲೇ. ವರ್ತಕರಿಗೆ ಕಂಪ್ಯೂಟರ್ ಭಯ ಎಂದು ಕೆಲವರು ಕಾರಣ ಕೊಡುತ್ತಾರೆ. ಅದು ಸಲ್ಲದ ಮಾತು. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಮಾರಾಟವಾಗುವುದೇ ಇ-ಟೆಂಡರಿನಲ್ಲಿ. ಯಾವ ಲಾಟಿಗೆ ಎಷ್ಟು ನಮೂದಿಸಬೇಕೆಂದು ಇದೇ ವರ್ತಕರು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುತ್ತಾರೆ. ಅಲ್ಲಿ ತುಂಬಬೇಕಾದದ್ದು ರೇಟು. ಇಲ್ಲಿ ತುಂಬಬೇಕಾದದ್ದು ತಾನು ಯಾರು ಎಂಬುದು. ಅಜ್ಜನ ಕಾಲದಿಂದ ಮಂಡಿ ನಡೆಸಿದವರಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸುತ್ತಲ ನಾಲ್ಕು ಹೋಬಳಿಯ ರೈತರಿಗೆ ಅವರ ತೂಕ ಹೇಗೆ, ದುಡ್ಡು ಯಾವಾಗ ಕೈಸೇರುತ್ತದೆ, ಕೋಪ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಲ್ಲ ಗೊತ್ತು. ಗೊತ್ತಿರುವವರ ಎದುರು ತನ್ನನ್ನು ಬಣ್ಣಿಸಿಕೊಳ್ಳುವವನನ್ನು ಈ ಸೀಮೆಯಲ್ಲಿ ಕೊಚ್ಚಿಕೊಳ್ಳುವವನು ಎನ್ನುತ್ತಾರೆ. ಹಾಗಾಗಿ "ಏನಪ್ಪ ಬರೆಯೋದು, ನಿಂಗೆ ಗೊತ್ತಿಲ್ವ, ನೀನೇ ಏನಾದ್ರೂ ಹಾಕು" ಎಂಬ ಉತ್ತರ ಬರುತ್ತದೆ. ಅವನು ಏನಾದರೂ ಹಾಕುತ್ತಾನೆ. ಅದನ್ನು ಓದಿ "ಇದಲ್ಲಪ್ಪ" ಎನ್ನುತ್ತಾರೆ. ಯಾವುದು ಎಂದು ಕೇಳಿದರೆ ಮಗಳ ಮದುವೆ ಗಲಾಟೆಯಲ್ಲಿದ್ದೇವೆ, ಆಮೇಲೆ ನೋಡೋಣ. ಕೊನೆಗೊಂದು ದಿನ ಗುಮಾಸ್ತರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಬರುತ್ತದೆ. ಕನ್ನಡ 1991ರಲ್ಲೇ ಯೂನಿಕೋಡಿಗೆ ಸೇರಿದ್ದರೂ ಗುಮಾಸ್ತರ ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ನುಡಿ ಅಕ್ಷರಗಳೇ. ಅದನ್ನು ತಂದು ವೆಬ್‌ಸೈಟಿಗೆ ಸುರಿದರೆ ಮೂರು ತಲೆಮಾರಿನ ಕೀರ್ತಿಯೆಲ್ಲ ತಲೆಯ ಮೇಲೆ ಚುಕ್ಕೆ, ಕೊಂಬು, ಟೋಪಿ ಇಟ್ಟುಕೊಂಡ ರೋಮನ್ ಅಕ್ಷರಗಳಾಗಿ ಮೆರವಣಿಗೆ ಹೊರಡುತ್ತದೆ. ಅದನ್ನು ಯೂನಿಕೋಡಿಗೆ ತಿರುಗಿಸಿ, ಒಡೆದ ಒತ್ತಕ್ಷರ ಜೋಡಿಸುವಷ್ಟರಲ್ಲಿ ಇನ್ನೊಂದು ಹಬ್ಬ ಬಂದಿರುತ್ತದೆ.

ಫೋಟೋದ ಕಥೆಯೂ ಹೀಗೇ. ಮಂಡಿಯಲ್ಲಿ ಕೊಬ್ಬರಿ ರಾಶಿ ಬಿದ್ದಿದ್ದರೂ ಅದರ ಒಂದು ಒಳ್ಳೆ ಚಿತ್ರ ಸಿಗುವುದಿಲ್ಲ. ಸಿಗುವುದು ಆಯುಧಪೂಜೆಯ ದಿನ ತಕ್ಕಡಿಗೆ ಹಾರ ಹಾಕಿ, ಮನೆಮಂದಿಯೆಲ್ಲ ಒತ್ತಿಕೊಂಡು ನಿಂತದ್ದು. ಬೇಸತ್ತ ಹುಡುಗ ಇಂಟರ್ನೆಟ್ಟಿನಿಂದ ಹೊಳೆಯುವ ಚಿತ್ರವೊಂದನ್ನು ತಂದು ಹಾಕಿದರೆ ಅದರಲ್ಲಿರುವುದು ಕೇರಳದ ಹಿನ್ನೀರು, ದೋಣಿ, ಬಿಸಿಲಿಗೆ ಒಣಹಾಕಿದ ಹೋಳು ಕೊಬ್ಬರಿ. ತಿಪಟೂರಿನ ಹೆಸರಿರುವುದು ಉಂಡೆ ಕೊಬ್ಬರಿಗೆ. ಎಣ್ಣೆಗೆ ಹೋಗುವ ಹೋಳನ್ನು ತೋರಿಸಿ ಉಂಡೆ ಮಾರುತ್ತೇವೆ ಎಂದರೆ ಉತ್ತರ ಭಾರತದ ವ್ಯಾಪಾರಿ ಫೋನನ್ನೇ ಮಾಡುವುದಿಲ್ಲ. ವರ್ತಕರು ಇದನ್ನು ನೋಡಿದ ಕ್ಷಣ ಹಿಡಿಯುತ್ತಾರೆ, ಉರಿದೂ ಬೀಳುತ್ತಾರೆ. ತಪ್ಪು ಕಂಡುಹಿಡಿಯುವ ಕಣ್ಣು ಅಷ್ಟು ಚುರುಕು. ಸರಿಯಾದದ್ದನ್ನು ಕಳಿಸುವ ಕೈ ಮಾತ್ರ ಏಳುವುದಿಲ್ಲ. ಜೊತೆಗೆ ಮನೆದೇವರ ಪಟ ಮೇಲೆ ಬರಬೇಕು, ಮಂಡಿಯ ಹೆಸರು ಬಲದಿಂದ ಎಡಕ್ಕೆ ಓಡಬೇಕು, "ಸ್ವಲ್ಪ ಗ್ರ್ಯಾಂಡಾಗಿ" ಇರಬೇಕು, ಕಡೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಭಾವಮೈದ ಒಪ್ಪಬೇಕು. ಆ ಭಾವಮೈದ ಒಪ್ಪಿದ ದಾಖಲೆ ಎಲ್ಲೂ ಇಲ್ಲ.

ಹಾಗಾದರೆ ಹುಡುಗ ನಿರ್ದೋಷಿಯೇ ಎಂದು ನನ್ನಂತೆ ಅಡ್ವಾನ್ಸ್ ಕೊಟ್ಟವರು ಎದ್ದು ನಿಲ್ಲಬಹುದು. ಇಲ್ಲವೇ ಇಲ್ಲ. ಒಂದೇ ತಿಂಗಳಲ್ಲಿ ಕಲ್ಯಾಣ ಮಂಟಪ, ನರ್ಸರಿ, ನಾರಿನ ಕಾರ್ಖಾನೆ ಮೂರನ್ನೂ ಒಪ್ಪಿಕೊಳ್ಳುತ್ತಾನೆ. ಫೋನ್ ಎತ್ತುವುದಿಲ್ಲ, ಸರ್ವರ್ ಡೌನ್ ಎಂಬ ಮಾತನ್ನು ಎಲ್ಲ ರೋಗಕ್ಕೂ ಒಂದೇ ಮಾತ್ರೆಯಾಗಿ ಕೊಡುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು, ವರ್ತಕರ ದುಡ್ಡಿನಲ್ಲಿ ಕೊಂಡ ಹೆಸರನ್ನು ತನ್ನದೇ ಖಾತೆಯಲ್ಲಿ ನೋಂದಾಯಿಸಿಕೊಳ್ಳುತ್ತಾನೆ. ವರ್ಷ ತುಂಬಿ ನವೀಕರಣದ ಎಚ್ಚರಿಕೆ ಅವನ ಮೇಲ್‌ಗೆ ಬಂದು, ಅವನು ಅದನ್ನು ನೋಡದೆ, ಒಂದು ಬೆಳಗ್ಗೆ ಮಂಡಿಯ ವಿಳಾಸದಲ್ಲಿ ಯಾರದೋ ಜಾಹೀರಾತು ಹಲ್ಲು ಕಿರಿಯುತ್ತಿರುತ್ತದೆ. ಇದನ್ನು ಕ್ಷಮಿಸಲು ನನಗೆ ಮನಸ್ಸಿಲ್ಲ. ಆದರೆ ಈ ದೋಷಗಳಲ್ಲಿ ಹೆಚ್ಚಿನವು ವೆಬ್‌ಸೈಟ್ ನಿಂತ ಮೇಲೆ ಹುಟ್ಟುವಂಥವು. ನಿಲ್ಲದೆ ಇರುವುದಕ್ಕೆ ಕಾರಣವಾಗುವುದಿಲ್ಲ. ಮೂರು ಕೆಲಸ ಒಟ್ಟಿಗೆ ಹಿಡಿಯುವುದಕ್ಕೂ ಕಾರಣವುಂಟು: ಮೂವರೂ ನಾಲ್ಕು ಸಾಲು ಬರೆದು ಕಳಿಸುವುದಿಲ್ಲವೆಂದು ಅವನಿಗೆ ಅನುಭವದಿಂದ ಗೊತ್ತು. ಒಂದನ್ನೇ ಹಿಡಿದು ಕೂತವನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಇನ್ನು ಕೆಲವರು, ಹುಡುಗನೇ ಯಾಕೆ, ಈಗ ಎಐಗೆ ಹೇಳಿದರೆ ನಿಮಿಷದಲ್ಲಿ ವೆಬ್‌ಸೈಟ್ ಕಟ್ಟಿಕೊಡುತ್ತದೆ ಎನ್ನುತ್ತಾರೆ. ಕಟ್ಟಿಕೊಡುತ್ತದೆ, ಆ ತೊಂಬತ್ತನ್ನು. ವಾರ ಹಿಡಿಯುತ್ತಿದ್ದದ್ದು ನಿಮಿಷಕ್ಕೆ ಇಳಿಯಿತು, ಅಷ್ಟೆ. "ಗುಣಮಟ್ಟವೇ ನಮ್ಮ ಉಸಿರು" ಎಂದು ಯಾವ ಮಂಡಿಗೂ, ಯಾವ ಬೇಕರಿಗೂ ಹೊಂದುವ ನಾಲ್ಕು ಸಾಲನ್ನು ಅದೂ ಬರೆದೀತು. ವರ್ತಕರು ಅದಕ್ಕೂ "ಇದಲ್ಲಪ್ಪ" ಎಂದೇ ಹೇಳುತ್ತಾರೆ. ಅವರು ಹೇಳುವುದು ಸರಿ ಕೂಡ.

ಹುಡುಗನ ಮೇಲೆ ವರ್ತಕರು ತೋರುವ ತಾಳ್ಮೆಗೇಡಿತನದಲ್ಲಿ ನನಗೆ ಸೋಜಿಗವೆನಿಸುವ ಸಂಗತಿಯೊಂದಿದೆ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ವರ್ಷದವರೆಗೆ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಅವಸರಪಟ್ಟು ಒಡೆದರೆ ಮಾಲು ಕೆಟ್ಟಿತು. ಇದನ್ನು ತಲೆತಲಾಂತರದಿಂದ ಬಲ್ಲವರು ಹುಡುಗನಿಗೆ ಮಾತ್ರ ಹದಿನೈದು ದಿನದ ಗಡುವು ಕೊಡುತ್ತಾರೆ. ಅವನೂ ಇದೇ ಅಟ್ಟದ ಕೆಳಗೆ ಬೆಳೆದವನು, "ಇದಕ್ಕೆ ಒಂದು ವರ್ಷ ಬೇಕು ಅಣ್ಣ" ಎಂದು ನೇರವಾಗಿ ಹೇಳಿಬಿಡಬಹುದಿತ್ತು. ಹೇಳುವುದಿಲ್ಲ. ದೊಡ್ಡವರ ಎದುರು ಇಲ್ಲ ಎನ್ನಬಾರದೆಂದು ಕಲಿತವನು. ತೊಂಬತ್ತು ಎಂಬುದು ಅವನ ಮಟ್ಟಿಗೆ ಮರ್ಯಾದೆಯ ಅಂಕಿ. ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲೇ ಇರುತ್ತೇನೆಂದು ಬಂದು, ತೋಟದ ಲೆಕ್ಕವನ್ನೂ ಅಪ್ಪನ ಬಿಪಿ ಮಾತ್ರೆಯನ್ನೂ ನೋಡಿಕೊಂಡು, ರಾತ್ರಿ ಹನ್ನೊಂದಕ್ಕೆ ಯಾರದೋ ಒತ್ತಕ್ಷರ ಸರಿಮಾಡುತ್ತ ಕೂತಿರುವವನನ್ನು ನೆನೆದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಫೋನ್ ಎತ್ತದಿದ್ದಾಗ ಮತ್ತೆ ಏರುತ್ತದೆ.

ಉಳಿದದ್ದು ಬಾಕಿ ಹಣ. ಅರ್ಧ ಅಡ್ವಾನ್ಸ್, ಅರ್ಧ ಲೈವ್ ಆದ ಮೇಲೆ ಎಂಬುದು ವಾಡಿಕೆ. ಒಂದೊಂದು ಸಲ, ಪವಾಡದಂತೆ, ವೆಬ್‌ಸೈಟ್ ಲೈವ್ ಆಗಿಬಿಡುವುದುಂಟು. 2023ರಲ್ಲಿ ಉಂಡೆ ಕೊಬ್ಬರಿಯ ಮಾರುಕಟ್ಟೆ ದರ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದಿದ್ದಾಗ ಬಾಕಿ ಕೇಳಲು ಹೋದವನಿಗೆ "ರೇಟ್ ಬಿದ್ದೋಗದೆ ಕಣಪ್ಪ, ಏರ್ಲಿ ಕೊಡ್ತೀನಿ" ಎಂಬ ಉತ್ತರ ಸಿದ್ಧವಿತ್ತು, ಅದು ನ್ಯಾಯವೂ ಆಗಿತ್ತು. 2025ರಲ್ಲಿ ಕ್ವಿಂಟಲಿಗೆ 20,000 ದಾಟಿತು. ಆಗ ಹೋದವನಿಗೆ ಸಿಕ್ಕ ಉತ್ತರ: "ಇನ್ನೂ ಏರ್ತದಂತೆ, ನಾವಿನ್ನೂ ಮಾಲೇ ಬಿಟ್ಟಿಲ್ಲ. ಅಷ್ಟರಲ್ಲಿ ಆ ಹೆಸರು ಓಡೋದೊಂದ್ ಸ್ವಲ್ಪ ಜೋರಾಗಿ ಮಾಡು."