ಸಿಂಗಪುರ ಬಿಟ್ಟು ಬೆಂಗಳೂರಿಗೆ ಒಗ್ಗುವ ಬಗೆ

ಸಿಂಗಪುರದಲ್ಲಿ ಹತ್ತಾರು ವರ್ಷ ಸಂಸಾರ ಮಾಡಿ ಬೆಂಗಳೂರಿಗೆ ಮರಳುವ ಕನ್ನಡ ಕುಟುಂಬಕ್ಕೆ ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ವಿಶೇಷ ಸ್ಥಾನವಿದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಬಂದ ಮೇಲೆ ಕೆಲಕಾಲ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ವರ್ಗಕ್ಕೆ ಸೇರುತ್ತಾರೆ. ಮನೆಯ ಹಿರಿಯರ ತೀರ್ಮಾನವೂ ಇಲಾಖೆಯದಕ್ಕಿಂತ ಬೇರೆಯೇನಲ್ಲ. ಇಲಾಖೆಯವರು ವಿನಾಯಿತಿ ಕೊಡುತ್ತಾರೆ, ಹಿರಿಯರು ಕೊಡುವುದಿಲ್ಲ, ಅಷ್ಟೇ.

ಹೊರಡುವ ಕೆಲಸ ಸಂಬಳದಿಂದಲೇ ಶುರುವಾಗುತ್ತದೆ. ವಿದೇಶಿ ನೌಕರ ಕೆಲಸ ಬಿಟ್ಟು ಹೊರಟರೆ ಕಂಪನಿ ಒಂದು ತಿಂಗಳು ಮೊದಲೇ ಸಿಂಗಪುರದ ತೆರಿಗೆ ಇಲಾಖೆಗೆ ತಿಳಿಸಿ, ಲೆಕ್ಕ ಚುಕ್ತಾ ಆಗುವವರೆಗೆ ಅವನಿಗೆ ಬರಬೇಕಾದ ಹಣ ತಡೆದಿಡಬೇಕು. ಹೀಗಾಗಿ ಕೈಯಲ್ಲಿ ಕಾಸು ಅತಿ ಕಡಿಮೆ ಇರುವ ತಿಂಗಳಲ್ಲೇ ಸಾಮಾನು ಅತಿ ಹೆಚ್ಚಾಗಿರುತ್ತದೆ. ಅದೆಲ್ಲ ಹಡಗಿನಲ್ಲಿ ಚೆನ್ನೈಗೆ, ಅಲ್ಲಿಂದ ಬೆಂಗಳೂರಿಗೆ ಬಂದು, ಡಬ್ಬ ಬಿಚ್ಚಿದಾಗ ಎದುರಾಗುವ ಮೊದಲ ತೊಡಕು ಪ್ಲಗ್ಗಿನದು. ಎರಡೂ ಊರಲ್ಲಿ ಕರೆಂಟು 230 ವೋಲ್ಟೇ. ಆದರೆ ಅಲ್ಲಿನ ಪ್ಲಗ್ಗಿಗೆ ಮೂರು ಚೌಕನೆಯ ಕಾಲು, ಇಲ್ಲಿಯದಕ್ಕೆ ಮೂರು ಗುಂಡನೆಯವು. ರೈಸ್ ಕುಕ್ಕರು, ಟೋಸ್ಟರು, ದುಬಾರಿ ವ್ಯಾಕ್ಯೂಮ್ ಕ್ಲೀನರು ಎಲ್ಲವೂ ಗೋಡೆ ನೋಡುತ್ತ ಕೂರುತ್ತವೆ. ಮದುವೆಯಾದ ಹೊಸದರಲ್ಲಿ ತವರಿನಿಂದ ಹೋಗಿ, ಅಲ್ಲಿದ್ದಷ್ಟು ದಿನವೂ ಅಡಾಪ್ಟರ್ ಆಸರೆಯಲ್ಲಿ ಬದುಕಿದ ಹಳೇ ಮಿಕ್ಸಿಯೊಂದೇ ಬಂದ ದಿನವೇ ಚಟ್ನಿ ರುಬ್ಬಿ ಕೊಡುತ್ತದೆ. ಇಡೀ ಕುಟುಂಬದಲ್ಲಿ ಮೊದಲು ಒಗ್ಗುವ ಸದಸ್ಯ ಅದು.

ಉಳಿದವರ ತೊಂದರೆ ಗಡಿಯಾರದ್ದು. ಸಿಂಗಪುರದ ಸಮಯ ಭಾರತಕ್ಕಿಂತ ಎರಡೂವರೆ ಗಂಟೆ ಮುಂದು. ಸಮಭಾಜಕ ವೃತ್ತಕ್ಕೆ ಒಂದು ಡಿಗ್ರಿ ಚಿಲ್ಲರೆ ದೂರದಲ್ಲಿರುವ ಆ ದ್ವೀಪದಲ್ಲಿ ವರ್ಷವಿಡೀ ಬೆಳಗಿನ ಏಳರ ಆಸುಪಾಸಿಗೇ ಸೂರ್ಯ ಹುಟ್ಟುತ್ತಾನೆ. ಅಲ್ಲಿ ಏಳಕ್ಕೆ ಏಳುತ್ತಿದ್ದ ಮಕ್ಕಳು ಇಲ್ಲಿ ನಾಲ್ಕೂವರೆಗೆ ಕಣ್ಣುಬಿಟ್ಟು ಕೂತಿರುತ್ತಾರೆ. ಮೊಮ್ಮಕ್ಕಳು ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು ಕಂಡು ಅಜ್ಜನಿಗೆ ಹೇಳತೀರದ ಸಂತೋಷ. ಪರದೇಶದಲ್ಲಿದ್ದರೂ ಎಂಥ ಸಂಸ್ಕಾರ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿ ಬರುತ್ತಾರೆ. ಸಂಸ್ಕಾರ ಸುಮಾರು ಒಂದು ವಾರ ಇರುತ್ತದೆ. ಆ ವಾರವೇ ರಾತ್ರಿ ಎಂಟೂವರೆಗೆ ನೋಡಿಕೊಂಡು ಹೋಗಲು ಬರುವ ನೆಂಟರಿಗೆ ಸೋಫಾದ ಮೇಲೆ ಸಾಲಾಗಿ ತೂಕಡಿಸುವ ಸಂಸಾರ ಕಾಣಿಸುತ್ತದೆ. ಡಾಲರ್ ನೋಡಿದವರಿಗೆ ಈಗ ನೆಂಟರು ಕಾಣಿಸುವುದಿಲ್ಲ ಎಂಬ ಮಾತು ಹುಟ್ಟುವುದು ಹೀಗೆ.

ಹವೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಸಿಂಗಪುರದ ತೇವದಲ್ಲಿ ಕರಿದ ಹಪ್ಪಳ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ, ಬೀರುವಿನಲ್ಲಿಟ್ಟ ರೇಷ್ಮೆಗೆ ಬೂಷ್ಟು ಹಿಡಿಯುತ್ತದೆ. ಅತ್ತೆಯವರು ಸೂಟ್‌ಕೇಸಿನಿಂದ ಒಂದು ಸೀರೆ ತೆಗೆದು, ಮಡಿಕೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಸೆರಗಿನ ಬಿಳಿ ಚುಕ್ಕೆಗಳ ಮೇಲೆ ಬೆರಳಾಡಿಸಿ, “ಇದು ಧಾರೆ ಸೀರೆ ಅಲ್ವೇನಮ್ಮಾ?” ಎಂದು ಮಾತ್ರ ಕೇಳುತ್ತಾರೆ. ಉತ್ತರಕ್ಕಾಗಿ ಕೇಳಿದ ಪ್ರಶ್ನೆಯಲ್ಲ. ಇತ್ತ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ತಣ್ಣನೆಯ ಒಣಹವೆಯ ಊರು. ಡಿಸೆಂಬರಿನಲ್ಲಿ ಬಂದಿಳಿದವರ ಹತ್ತಿರ ಒಂದು ಸ್ವೆಟರೂ ಇರುವುದಿಲ್ಲ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಅಲ್ಲಿದ್ದಾಗ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತ ಸೆಕೆಗೆ ಶಾಪ ಹಾಕಿದವರೇ, ಅಲ್ಲಿ ಚರ್ಮ ಎಷ್ಟು ಚೆನ್ನಾಗಿತ್ತು ಎಂದು ಕೊರಗುತ್ತಾರೆ.

ಹಣದ ಕಾಯಿಲೆ ತಾನಾಗಿ ವಾಸಿಯಾಗುತ್ತದೆ. ಹೋದ ಹೊಸದರಲ್ಲಿ ಡಾಲರನ್ನು ರೂಪಾಯಿಗೆ ಗುಣಿಸಿ ಏನನ್ನೂ ಕೊಳ್ಳದವರು, ಬಂದ ಹೊಸದರಲ್ಲಿ ರೂಪಾಯಿಯನ್ನು ಡಾಲರಿಗೆ ಭಾಗಿಸಿ ಎಲ್ಲವನ್ನೂ ಕೊಳ್ಳುತ್ತಾರೆ. ಮೊದಲ ಸಂಬಳ ರೂಪಾಯಿಯಲ್ಲೇ ಬಂದ ದಿನ ಭಾಗಾಕಾರ ನಿಲ್ಲುತ್ತದೆ.

ನಡವಳಿಕೆ ಅಷ್ಟು ಬೇಗ ಬಿಡದು. ಸಿಂಗಪುರದ ಹಾಕರ್ ಸೆಂಟರು ಎಂಬ ಸಾಲು ತಿಂಡಿಯಂಗಡಿಗಳ ತಾಣಗಳಲ್ಲಿ ಉಂಡವರು ತಮ್ಮ ತಟ್ಟೆ ತಾವೇ ಒಯ್ದಿಡಬೇಕೆಂಬ ನಿಯಮ 2021ರಿಂದ ಬಿಗಿಯಾಗಿದೆ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಈ ಭಯದಲ್ಲಿ ಬೆಳೆದ ಎಂಟು ವರ್ಷದ ಹುಡುಗ ಬಸವನಗುಡಿಯ ಛತ್ರದಲ್ಲಿ ಮದುವೆ ಊಟ ಮುಗಿಸಿ, ಬಾಳೆಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದು ನಿಲ್ಲುತ್ತಾನೆ. ಎಲೆಯ ತುದಿಯಿಂದ ಸಾರು, ನಡುವಿನಿಂದ ಪಾಯಸ ಇಳಿಯುತ್ತಿರುತ್ತದೆ. ಪಕ್ಕದಲ್ಲಿ ಇನ್ನೂ ಮಜ್ಜಿಗೆಯನ್ನಕ್ಕೆ ಬಂದಿರದ ಬೀಗರ ಕಡೆಯವರು ಪಂಚೆ ಎಳೆದುಕೊಳ್ಳುತ್ತಾರೆ. “ಅಂಕಲ್, ಇದನ್ನ ಎಲ್ಲಿ ರಿಟರ್ನ್ ಮಾಡ್ಬೇಕು?” ಎಂದು ಅವನು ಬಡಿಸುವವರನ್ನು ಕೇಳುತ್ತಾನೆ. “ಅಯ್ಯೋ ರಾಮ, ಎಂಜಲೆಲೆ ಹಿಡ್ಕೊಂಡು ಎಲ್ಲಿಗೆ ಹೊರಟ್ಯೋ?” ಎಂದು ಅಜ್ಜಿ ಎದುರು ಪಂಕ್ತಿಯಿಂದ ಕೂಗುತ್ತಾರೆ. ಹುಡುಗನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಆ ಛತ್ರದಲ್ಲಿ ಯಾರ ಬಳಿಯೂ ಇರುವುದಿಲ್ಲ. ಅವನ ಅಪ್ಪನ ಸ್ಥಿತಿಯೂ ಅಷ್ಟೇ. ದರ್ಶಿನಿಯಲ್ಲಿ ಸಿಂಗಪುರದ ರೂಢಿಯಂತೆ ಟಿಶ್ಯೂ ಪೊಟ್ಟಣ ಇಟ್ಟು ಮೇಜು ಕಾದಿರಿಸಿ ದೋಸೆ ತರಲು ಹೋಗುತ್ತಾನೆ. ಬರುವಷ್ಟರಲ್ಲಿ ಅದೇ ಮೇಜಿನ ಸುತ್ತ ನಿಂತ ಮೂವರು ಅದೇ ಟಿಶ್ಯೂವಿನಲ್ಲಿ ಕೈ ಒರೆಸಿಕೊಂಡು, “ಥ್ಯಾಂಕ್ಸ್ ಸಾರ್” ಎನ್ನುತ್ತಾರೆ.

ಮನೆಕೆಲಸದ ವ್ಯವಸ್ಥೆ ಪೂರ್ತಿ ತಲೆಕೆಳಗು. ಸಿಂಗಪುರದಲ್ಲಿ ಇಂಡೊನೇಷ್ಯಾದಿಂದಲೋ ಫಿಲಿಪ್ಪೀನ್ಸಿನಿಂದಲೋ ಬಂದ ಹೆಂಗಸು ಮನೆಯಲ್ಲೇ ಇರುತ್ತಾಳೆ. ಅವಳನ್ನು ಇಟ್ಟುಕೊಂಡದ್ದಕ್ಕೆ ಸರ್ಕಾರಕ್ಕೂ ತಿಂಗಳು ತಿಂಗಳು ಸುಂಕ ಕಟ್ಟಬೇಕು. ಬೆಂಗಳೂರಿನಲ್ಲಿ ಸಂದರ್ಶನ ಕೊಡಬೇಕಾದದ್ದು ಮನೆಯೊಡತಿ. “ಎಷ್ಟ್ ಜನ ಅಕ್ಕ? ನೆಂಟ್ರು ಜಾಸ್ತೀನಾ? ಕುಕ್ಕರ್ ನೀವೇ ನೆನೆಸಿ ಇಡ್ತೀರಾ?” ಉತ್ತರಗಳು ಸಮಾಧಾನ ತಂದರೆ ಕೆಲಸದವಳು ಸೋಮವಾರದಿಂದ ಬರುತ್ತಾಳೆ. ಯಾವ ಸೋಮವಾರ ಎಂದು ಕೇಳುವಂತಿಲ್ಲ.

ಎಲ್ಲಕ್ಕಿಂತ ಗಟ್ಟಿ ಗಂಟು ಕನ್ನಡದ್ದು. ಸಿಂಗಪುರದ ಶಾಲೆಗಳಲ್ಲಿ ಭಾರತೀಯ ಮಕ್ಕಳು ಮಾತೃಭಾಷೆಯೆಂದು ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವುಗಳಲ್ಲಿ ಒಂದನ್ನು ಕಲಿಯಬಹುದು; ಪಟ್ಟಿಯಲ್ಲಿ ಕನ್ನಡವಿಲ್ಲ. ಹೀಗಾಗಿ ಮಂಡ್ಯದವರ ಮಗಳ ಮಾತೃಭಾಷೆ ಅಲ್ಲಿ ಹಿಂದಿಯಾಗಿರುತ್ತದೆ. 1996ರಲ್ಲಿ ಶುರುವಾದ ಸಿಂಗಪುರ ಕನ್ನಡ ಸಂಘದಂಥ ಕಡೆ ರಾಜ್ಯೋತ್ಸವಕ್ಕೆ ಹಾಡಿದ್ದು ನಿಜ, ಕೈಯಲ್ಲಿದ್ದ ಚೀಟಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿತ್ತು. ಬೆಂಗಳೂರಿಗೆ ಬಂದರೆ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಕಾದಿರುತ್ತದೆ: ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡ ಕಲಿಸಲೇಬೇಕು. ಐದನೇ ಕ್ಲಾಸಿನಲ್ಲಿ ಒತ್ತಕ್ಷರದೆದುರು ಕೂತ ಮಗಳಿಗೆ ಪಾಠ ಹೇಳಲು ಅಪ್ಪ ತೋಳು ಮಡಿಚುತ್ತಾನೆ. ಸಂಘದ ವೇದಿಕೆಯಲ್ಲಿ ಕನ್ನಡದ ಉಳಿವಿನ ಬಗ್ಗೆ ಅವನು ಮಾಡಿದ ಭಾಷಣಕ್ಕೆ ಚಪ್ಪಾಳೆ ಬಿದ್ದಿತ್ತು. ಆದರೆ ಲೋಪಸಂಧಿ, ಆಗಮಸಂಧಿ ಬಂದ ಕೂಡಲೇ ಹಳೆಯ ಗುಟ್ಟು ಹೊರಬೀಳುತ್ತದೆ: ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಹೆಚ್ಚು ಬರುತ್ತದೆಂದು ಅವನು ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡವನು. ಕೊನೆಗೆ ಇಬ್ಬರಿಗೂ ಅಜ್ಜಿಯೇ ಮನೆಪಾಠ ಹೇಳುತ್ತಾರೆ.

ಕುಟುಂಬ ಮರಳಿದ್ದರಿಂದ ನಿಜವಾದ ನಷ್ಟ ನೆಂಟರಿಗೆ. ವರ್ಷಕ್ಕೊಮ್ಮೆ ಸಿಂಗಪುರದ ಮುಸ್ತಫಾ ಅಂಗಡಿಯಿಂದ ಬರುತ್ತಿದ್ದ ಕೊಡಲಿ ಗುರುತಿನ ಎಣ್ಣೆ, ಟೈಗರ್ ಬಾಮ್ ನಿಂತುಹೋಗಿ ಚಿಕ್ಕಪ್ಪನ ಮೊಣಕಾಲು ಮತ್ತೆ ನೋಯತೊಡಗುತ್ತದೆ. ಅಲ್ಲಿನ ಸೆಂಟೋಸಾ ದ್ವೀಪ ನೋಡಲು ಹೋದರೆ ಇಳಿದುಕೊಳ್ಳುವುದೆಲ್ಲಿ ಎಂಬ ಚಿಂತೆ ದೊಡ್ಡಮ್ಮನ ಮಕ್ಕಳದ್ದು. ಇನ್ನೊಂದೆರಡು ವರ್ಷ ಅಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಎಲ್ಲರೂ ಗೊಣಗುತ್ತಾರೆ; ಇವರೇ ಮೊದಲು ಯಾವಾಗಪ್ಪಾ ವಾಪಸ್ ಬರೋದು ಎಂದು ಫೋನಿನಲ್ಲಿ ಕಣ್ಣೀರಿಟ್ಟವರು.

ಎರಡು ವರ್ಷ ಕಳೆಯುವ ಹೊತ್ತಿಗೆ ಮಾತಿನ ಮಧ್ಯೆ ‘ಅಲ್ಲಿ ಆಗಿದ್ರೆ’ ಬರುವುದು ಕಡಿಮೆಯಾಗಿ, ನಲ್ಲಿಯಲ್ಲಿ ನೀರು ಬರುವ ಸಮಯ ಮನೆಯವರಿಗೆಲ್ಲ ಬಾಯಿಪಾಠವಾಗಿರುತ್ತದೆ. ಅಷ್ಟರಲ್ಲಿ ಸಿಂಗಪುರದಲ್ಲೇ ಉಳಿದ ಸ್ನೇಹಿತರು ಫೋನು ಮಾಡಿ, ತಾವೂ ಊರಿಗೆ ಬಂದುಬಿಡೋಣ ಅಂತಿದ್ದೇವೆ, ಹೇಗೆ ಎಂದು ವಿಚಾರಿಸುತ್ತಾರೆ. “ಬನ್ನಿ ಬನ್ನಿ, ಏನೂ ಕಷ್ಟ ಇಲ್ಲ. ಬರ್ತಾ ಚಿಕ್ಕಪ್ಪಂಗೆ ಒಂದು ಡಜನ್ ಟೈಗರ್ ಬಾಮ್ ತಂದ್ಬಿಡಿ.”