ಗಿಣಿರಾಮನ ಅತಿಥಿ ಸತ್ಕಾರ

ಶಂಕರಾಚಾರ್ಯರು ಮಂಡನಮಿಶ್ರರ ಮನೆ ಹುಡುಕಿಕೊಂಡು ಹೋದಾಗ ನೀರಿಗೆ ಬಂದ ಹೆಂಗಸರು ಹೇಳಿದ ಗುರುತು ಒಂದೇ: ಯಾವ ಮನೆ ಬಾಗಿಲಲ್ಲಿ ಪಂಜರದ ಗಿಣಿಗಳು ವೇದ ಸ್ವತಃ ಪ್ರಮಾಣವೋ ಪರತಃ ಪ್ರಮಾಣವೋ ಎಂದು ವಾದಿಸುತ್ತಿವೆಯೋ ಅದೇ ಪಂಡಿತರ ಮನೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಎದುರುಮನೆ ರಾಯರ ವಿಳಾಸವೂ ಈಗ ಅಷ್ಟೇ ಸುಲಭ. ಪಾರ್ಸೆಲ್ ತರುವ ಹುಡುಗ ಫೋನ್ ಮಾಡಿದರೆ ಅವರು ಕ್ರಾಸು, ಮೇನು ಒಂದನ್ನೂ ಹೇಳುವುದಿಲ್ಲ. “ಅಲ್ಲೇ ನಿಂತು ಕಿವಿಗೊಟ್ಟು ಕೇಳಪ್ಪ” ಅನ್ನುತ್ತಾರೆ.

ಹಕ್ಕಿ ಸನ್ ಕೊನ್ಯೂರ್. ಅರಿಶಿನ ಮೈ, ಕೇಸರಿ ಮುಖ. ಮೂಲ ದಕ್ಷಿಣ ಅಮೆರಿಕದ ಗಯಾನಾ, ಉತ್ತರ ಬ್ರೆಜಿಲ್ ಕಡೆ. ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ರಾಯರು ಕಾನೂನಿಗೆ ತಲೆಬಾಗುವವರು. ಆದ್ದರಿಂದ ಕಿರುಚಾಟವನ್ನೂ ವಿದೇಶಿ ತಳಿಯದನ್ನೇ ತಂದರು. 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯನ್ನೂ ಮಾಡಿಸಿದರು. ಅವರ ಔಟ್‌ಹೌಸಿನ ಬಾಡಿಗೆ ಕರಾರಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಗಿಣಿರಾಮ ಆ ಮನೆಗೆ ಮಾಡಿರುವ ಉಪಕಾರ ಒಂದೆರಡಲ್ಲ. ಶುಕಸಪ್ತತಿಯ ಗಿಣಿ ಮನೆಯೊಡತಿ ಹೊಸ್ತಿಲು ದಾಟದಂತೆ ತಡೆಯಲು ಎಪ್ಪತ್ತು ರಾತ್ರಿ ಎಪ್ಪತ್ತು ಕತೆ ಹೇಳಬೇಕಾಯಿತು. ಇದು ಒಂದೇ ಕೂಗಿನಲ್ಲಿ ಹೊರಗಿನವರು ಹೊಸ್ತಿಲು ದಾಟದಂತೆ ನೋಡಿಕೊಳ್ಳುತ್ತದೆ. ಚೀಟಿಗೆ ಸೇರಿಸಲು ಬಂದವರು, ವಿಮೆಯವರು, ಚಂದಾದವರು ಎಲ್ಲರೂ ಗೇಟಿನಲ್ಲೇ ಸಂಕ್ಷಿಪ್ತರಾಗುತ್ತಾರೆ. “ಮಗಳಿಗೆ ಇನ್ನೂ ಗಂಡು ನೋಡ್ತಿಲ್ವಾ?” ಎಂದು ಕೇಳಲೆಂದೇ ಬರುವ ಸೋದರತ್ತೆಯ ಪ್ರಶ್ನೆ ‘ಮಗಳಿಗೆ’ ಎಂಬಲ್ಲಿಂದ ಮುಂದಕ್ಕೆ ಹೋದದ್ದಿಲ್ಲ. ಡಿಕಾಕ್ಷನ್ ಇಳಿಯುವ ಮೊದಲೇ ನೆಂಟರು ಮೆಟ್ಟಿಲಿಳಿದಿರುತ್ತಾರೆ. ಕಾಫಿಪುಡಿಯಲ್ಲಿ ಆಗಿರುವ ಉಳಿತಾಯವನ್ನು ಅಮ್ಮಾವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಪಶುವೈದ್ಯರೊಬ್ಬರು ಈ ವ್ಯವಸ್ಥೆ ಕೆಡಿಸಲು ನೋಡಿದರು. ಗಿಣಿ ಹಿಂಡಿನ ಜೀವಿ, ಹೊಸಬರನ್ನು ಕಂಡರೆ ಹಿಂಡಿಗೆ ಎಚ್ಚರಿಕೆ ಕೊಡುತ್ತದೆ, ನೀವು ತಿರುಗಿ ಕೂಗಿದರೆ ಹಿಂಡು ಓಗೊಟ್ಟಿತೆಂದು ಹಿಗ್ಗುತ್ತದೆ ಎಂದರು. ಕೂಗಿದಾಗ ಗಮನ ಕೊಡಬೇಡಿ, ಸುಮ್ಮನಿದ್ದಾಗ ಮಾತಾಡಿಸಿ. ಪಂಜರವನ್ನು ಬಾಗಿಲೆದುರಿಂದ ತೆಗೆದು ಗೋಡೆಗೆ ಒರಗುವಂತೆ ಮೂಲೆಯಲ್ಲಿಡಿ. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲಲ್ಲಿ ನಿದ್ದೆ ಬೇಕು. ಬಂದವರು ದೂರದಲ್ಲಿ ಕೂತಿದ್ದು, ಅದು ಶಾಂತವಾದ ಮೇಲೆ ಒಂದು ಸೂರ್ಯಕಾಂತಿ ಬೀಜ ಕೊಡಲಿ ಎಂದರು.

ರಾಯರು ಗೌರವದಿಂದ ಕೇಳಿಸಿಕೊಂಡರು. ಆದರೆ ಮೂಲೆಯಲ್ಲಿಡಲು ಅಷ್ಟು ದುಡ್ಡು ಕೊಟ್ಟು ಯಾರಾದರೂ ಹಕ್ಕಿ ತರುತ್ತಾರೆಯೇ? ಪಂಜರ ಬಾಗಿಲೆದುರೇ ಉಳಿಯಿತು, ಟೀವಿ ಪಕ್ಕದಲ್ಲಿ. ಧಾರಾವಾಹಿ ಮುಗಿಯುವವರೆಗೆ ಅದಕ್ಕೂ ಜಾಗರಣೆ. ಯಾರಾದರೂ ಬಂದರೆ ಅದು ಕೂಗುತ್ತದೆ. “ಸುಮ್ನಿರೋ!” ಎಂದು ರಾಯರು ಕೂಗುತ್ತಾರೆ. “ಅದನ್ಯಾಕ್ರೀ ಬೈತೀರಿ?” ಎಂದು ಅಡುಗೆಮನೆಯಿಂದ ಅಮ್ಮಾವರು. ಹಿಂಡು ಪೂರ್ತಿ ಓಗೊಟ್ಟ ಮೇಲೆ ರಾಯರು ಎದ್ದು ಒಂದು ಗೋಡಂಬಿ ತಂದು ಅದರ ಕೊಕ್ಕಿಗಿಡುತ್ತಾರೆ. ಮಂಡಿನೋವಿನಿಂದ ಹೆಂಡತಿಗೆ ಒಂದು ಲೋಟ ನೀರು ತಂದುಕೊಡಲಾಗದ ಮನುಷ್ಯ ಗೋಡಂಬಿ ಡಬ್ಬಕ್ಕೆ ಏಳುವ ಚುರುಕನ್ನು ನೋಡಬೇಕು. ನಿವೃತ್ತ ಗೆಜೆಟೆಡ್ ಅಧಿಕಾರಿಯೊಬ್ಬರನ್ನು ಇಷ್ಟು ಬೇಗ ಪಳಗಿಸಿದ ಇನ್ನೊಂದು ಹಕ್ಕಿ ನನಗಂತೂ ಗೊತ್ತಿಲ್ಲ.

ಚೆನ್ನಾಗಿ ನೋಡಿಕೊಂಡರೆ ಈ ಜಾತಿ ಇಪ್ಪತ್ತೈದು, ಮೂವತ್ತು ವರ್ಷ ಬಾಳುತ್ತದೆ. ರಾಯರಿಗೆ ಎಪ್ಪತ್ತೊಂದು. ಉತ್ತರಾಧಿಕಾರದ ಮಾತಾಡಲು ಹೋದ ದಸರೆಗೆ ಗಂಡುಮಕ್ಕಳಿಬ್ಬರನ್ನೂ ಕರೆಸಿದರು. ವರ್ಷಕ್ಕೊಮ್ಮೆ ಬರುವವರಾದ್ದರಿಂದ ಗಿಣಿರಾಮನ ಲೆಕ್ಕದಲ್ಲಿ ಅವರೂ ಅಪರಿಚಿತರೇ. ಮಾತುಕತೆ ತಾರಸಿಯ ಮೇಲೆ ನಡೆಯಿತು. ಸೈಟಿನ ವಿಚಾರಕ್ಕೆ ಸಂಜೆಯವರೆಗೂ ಜಗ್ಗಾಡಿದವರು ಹಕ್ಕಿಯ ವಿಷಯ ಬಂದ ಕೂಡಲೇ ಮೆತ್ತಗಾದರು. ತಮ್ಮನಿಗೇ ಇರಲಿ ಎಂದು ಅಣ್ಣ, ಹಿರಿಯನ ಹಕ್ಕು ಎಂದು ತಮ್ಮ. ಒಡಹುಟ್ಟಿದವರು ಆಸ್ತಿಯನ್ನು ಇಷ್ಟು ಉದಾರವಾಗಿ ಒಬ್ಬರಿಗೊಬ್ಬರು ಬಿಟ್ಟುಕೊಟ್ಟದ್ದನ್ನು ನಮ್ಮ ಬೀದಿ ಹಿಂದೆಂದೂ ಕಂಡಿರಲಿಲ್ಲ.